ಚೀನೀಯರ ಪೆಟ್ಟಿಗೆಯೂ ಬೀಗದ ಕೈಯೂ

ಕಾಳಿದಾಸನನ್ನು ಓದಿದವರಿಗೆ ಚೀನಾಂಶುಕವೆಂಬ ಶಬ್ದವು ಅಪರಿಚಿತವಲ್ಲ. ಆದರೆ ಆ ರೇಷ್ಮೆಯನ್ನು ನೆಯ್ದ ನಾಡಿನವರು ತಮ್ಮ ಮನೆಯಲ್ಲಿ ಅದನ್ನು ಎಲ್ಲಿರಿಸುತ್ತಿದ್ದರೆಂದು ವಿಚಾರಿಸಿದವರು ವಿರಳ.

ಮಿಂಗ್ ರಾಜವಂಶದ (1368–1644) ಕಾಲದ ಬೀರುವು ಬುಡದಲ್ಲಿ ಅಗಲವಾಗಿ, ಮೇಲೇರಿದಂತೆ ತುಸು ಕಿರಿದಾಗುವುದು. ಕದಗಳಿಗೆ ಲೋಹದ ತಿರುಗಣಿಯಿಲ್ಲ. ಕದದ ಅಂಚಿನ ಮರವೇ ಮೇಲೂ ಕೆಳಗೂ ಗೂಟವಾಗಿ ಚಾಚಿ, ಚೌಕಟ್ಟಿನ ಕುಳಿಯಲ್ಲಿ ತಿರುಗುವುದು. ಕಂಬವು ಓರೆಯಾಗಿರುವುದರಿಂದ, ತೆರೆದ ಕದವು ತನ್ನ ಭಾರದಿಂದಲೇ ಮುಚ್ಚಿಕೊಳ್ಳಲೆಳಸುವುದು. ಹಲಗೆಗಳನ್ನು ಮೊಳೆ ಹೊಡೆದು ಬಿಗಿಯದೆ ಚೌಕಟ್ಟಿನ ತೋಡಿನಲ್ಲಿ ಸಡಿಲವಾಗಿ ಕೂರಿಸುವರು. ತೇವಕ್ಕೆ ಮರ ಹಿಗ್ಗಲಿ, ಒಣಹವೆಗೆ ಕುಗ್ಗಲಿ, ಸೀಳು ಬಿಡದು. ಕೆತ್ತನೆಯಿಲ್ಲದ ಈ ಸರಳತೆಯ ಮುಂದೆ ಮುಂದಿನ ಶತಮಾನಗಳ ಅಲಂಕಾರಬಾಹುಳ್ಯವು ಸಪ್ಪೆಯೆನಿಸುವುದು. ಉಡುಪನ್ನು ತೂಗುಹಾಕುವ ರೂಢಿ ಅದರಲ್ಲಿಲ್ಲ. ನಿಲುವಂಗಿಗಳನ್ನು ಮಡಿಸಿಯೇ ಇಡುವರು. ಅರಮನೆಯವರು ಮೆಚ್ಚಿದ ಕಗ್ಗೆಂಪು ಮರವನ್ನು ಇಂದಿನ ತಜ್ಞರು ನಮ್ಮ ಪೂರ್ವಘಟ್ಟಗಳ ರಕ್ತಚಂದನವೆಂದು ಗುರುತಿಸಿರುವರು. ಸಾಮಾನ್ಯ ಗೃಹಸ್ಥನಿಗೆ ಮಾತ್ರ ಅಲ್ಲಲ್ಲಿ ಬೆಳೆದ ಮರವೇ ಗತಿ.

ಅಂಥ ಮರಗಳಲ್ಲಿ ಕರ್ಪೂರದ ಮರವು ಮುಖ್ಯವಾದುದು. ಅದರ ವಾಸನೆಗೆ ನುಸಿಯೂ ಹುಳುವೂ ಬಟ್ಟೆಯ ಬಳಿ ಸುಳಿಯವು. ಯಾಂಗ್‌ತ್ಸೆ ನದಿಯ ದಕ್ಷಿಣದ ಪ್ರಾಂತದಲ್ಲಿ, ಹೆಣ್ಣುಮಗು ಹುಟ್ಟಿದಾಗ ಮನೆಯ ಬಳಿ ಕರ್ಪೂರದ ಸಸಿಯೊಂದನ್ನು ನೆಡುವ ಸಂಪ್ರದಾಯವಿತ್ತು. ಮಗಳಿಗೆ ವಿವಾಹ ನಿಶ್ಚಯವಾದಾಗ ತಂದೆಯು ಆ ಮರವನ್ನು ಕಡಿಸಿ, ಪೆಟ್ಟಿಗೆ ಮಾಡಿಸಿ, ರೇಷ್ಮೆ ತುಂಬಿ ಕಳುಹಿಸುವನು. ಊರೆಲ್ಲ ನೋಡುವಂತೆ ಅವು ಮೆರವಣಿಗೆಯಲ್ಲಿ ಸಾಗುವುವು. ಒಳಗೇನಿದೆಯೆಂಬುದಕ್ಕೆ ಇಷ್ಟು ಮಂದಿ ಸಾಕ್ಷಿಗಳಿರುವುದು ವಧುವಿನ ಹಿತಕ್ಕೇ ಸರಿ!

ಪೆಟ್ಟಿಗೆಯ ಮುಂಭಾಗದ ಹಿತ್ತಾಳೆಯ ಬೀಗಕ್ಕೆ ಕೈಯು ಅವಳದೇ. ಹಲವು ಸೋದರರು ಕೂಡಿ ಬಾಳುವ ಆ ಮನೆಗಳಲ್ಲಿ, ಹೊಲವೂ ಧಾನ್ಯವೂ ಎಲ್ಲರವು; ಸೊಸೆಯು ತನ್ನದೆನ್ನಬಹುದಾದುದು ಆ ಪೆಟ್ಟಿಗೆಯೊಳಗಿನದು ಮಾತ್ರ. ಸೋದರರು ಪಾಲಾಗುವಾಗಲೂ ಅದು ಪಾಲಿಗೆ ಬರುತ್ತಿರಲಿಲ್ಲ. ನಮ್ಮ ಸ್ತ್ರೀಧನವನ್ನು ಇದು ಬಹುಮಟ್ಟಿಗೆ ಹೋಲುವುದು.

ಆದರೆ ಈ ಒಡೆತನಕ್ಕೆ ಒಂದು ಮೇರೆಯಿತ್ತು. ಪತಿಯು ಗತಿಸಿದ ಮೇಲೆ ಅವಳು ಮರುಮದುವೆಯಾದರೆ, ಮಿಂಗ್ ಶಾಸನದ ಪ್ರಕಾರ, ತವರಿನಿಂದ ತಂದ ಸೊತ್ತೂ ಗತಿಸಿದ ಪತಿಯ ಮನೆಯವರ ನಿರ್ಣಯಕ್ಕೆ ಒಳಪಡುತ್ತಿತ್ತು. ಹುಟ್ಟಿದಂದು ಅವಳ ಹೆಸರಿನಲ್ಲಿ ನೆಟ್ಟ ಮರವು ಹೀಗೆ ಪರರ ಮನೆಯಲ್ಲಿ ಉಳಿಯಬಹುದಾಗಿತ್ತು. ಚಿಂಗ್ ರಾಜವಂಶದವರೂ ಈ ನಿಯಮವನ್ನು ಮುಂದುವರಿಸಿದರು. 1931ರಲ್ಲಿ ಜಾರಿಗೆ ಬಂದ ಗಣರಾಜ್ಯದ ಉತ್ತರಾಧಿಕಾರದ ಕಾನೂನು, ಹೆಣ್ಣುಮಕ್ಕಳಿಗೆ ತಂದೆಯ ಆಸ್ತಿಯಲ್ಲಿಯೇ ಗಂಡುಮಕ್ಕಳ ಸಮಾನವಾದ ಹಕ್ಕನ್ನು ಕೊಟ್ಟಿತು.