ಹಾಡದ ಹಾಡುಹಕ್ಕಿ

ಸಂಕೋಚದ ಹುಡುಗಿಯರನ್ನು ಕಂಡರೆ ನಮ್ಮ ಜನಕ್ಕೆ ಸಮಾಧಾನವಿಲ್ಲ. ‘ಬಾಯಲ್ಲಿ ಕಡುಬು ಇಟ್ಕೊಂಡಿದೀಯೇನೇ?’ ಎಂದು ಕೇಳದಿದ್ದರೆ ಅವರಿಗೆ ಉಂಡ ಅನ್ನ ಅರಗದು. ನನ್ನ ಮಗಳು ಈ ಮಾತನ್ನು ಎಷ್ಟು ಮದುವೆಮನೆಗಳಲ್ಲಿ ಕೇಳಿದ್ದಾಳೋ ಲೆಕ್ಕವಿಲ್ಲ. ಹೆಣ್ಣು ನೋಡಲು ಬಂದವರೊಬ್ಬರು ‘ಒಂದು ಹಾಡು ಹೇಳಮ್ಮ’ ಎಂದಾಗ ಅವಳು ಕಾಫಿ ತಟ್ಟೆ ಹಿಡಿದುಕೊಂಡೇ ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಆ ಸಂಬಂಧ ತಪ್ಪಿತು. ಒಳ್ಳೆಯದೇ ಆಯಿತೆನ್ನಿ.

ಈಗ ಅವಳು ಗಂಡನೊಂದಿಗೆ ಘಾನಾ ದೇಶದ ಕುಮಾಸಿಯಲ್ಲಿದ್ದಾಳೆ. ಬೇಸಿಗೆ ರಜೆಯಲ್ಲಿ ನಾನು ಅಲ್ಲಿಗೆ ಹೋದೆ. ಆರೇಳು ತಿಂಗಳಿಂದ ಫೋನಿನಲ್ಲಿ ‘ಚೆನ್ನಾಗಿದ್ದೀನಮ್ಮ’ ಬಿಟ್ಟರೆ ಎರಡನೇ ಮಾತಿರಲಿಲ್ಲ. ಹೋದ ಮೇಲೂ ಅಷ್ಟೇ. ಸೊರಗಿದ ಮುಖ ಕಂಡು ಕೇಳಬೇಕೆನ್ನಿಸುತ್ತಿತ್ತು. ಕೇಳಿದರೆ ಇನ್ನಷ್ಟು ಮುಚ್ಚಿಕೊಳ್ಳುವ ಜಾತಿ ಅವಳದು.

ಅಳಿಯಂದಿರೇ ಒಂದು ಶನಿವಾರ ‘ಅತ್ತೆ, ಬೊಂಕ್ರೊ ಅಂತ ಒಂದು ಹಳ್ಳಿ ಇದೆ. ಅಲ್ಲಿಯ ಕಾಡಿನಲ್ಲಿ ಪಿಕಾಥಾರ್ಟಿಸ್ ಅನ್ನೋ ಹಕ್ಕಿ ತೋರಿಸುತ್ತಾರೆ’ ಎಂದರು. ಹೆಸರು ಕೇಳಿ ನಾನು ಯಾವುದೋ ಔಷಧಿ ಎಂದುಕೊಂಡೆ. ಆಮೇಲೆ ತಿಳಿಯಿತು, ಇದು ಬಲು ದೊಡ್ಡ ಹೆಸರಿನ ಹಕ್ಕಿ. 1954ರಲ್ಲಿ ಡೇವಿಡ್ ಅಟೆನ್‌ಬರೋ ತಮ್ಮ ಮೊದಲ ‘ಝೂ ಕ್ವೆಸ್ಟ್’ ಸರಣಿಗಾಗಿ ಸಿಯೆರಾ ಲಿಯೋನ್ ಕಾಡಿಗೆ ಹೋದದ್ದು ಇದನ್ನೇ ಹುಡುಕಿಕೊಂಡು. ಘಾನಾದಲ್ಲಂತೂ 1960ರ ದಶಕದ ನಂತರ ಇದು ಯಾರ ಕಣ್ಣಿಗೂ ಬೀಳದೆ, ಅಳಿದೇ ಹೋಯಿತೆಂದು ನಂಬಿದ್ದರು. 2003ರಲ್ಲಿ ಮತ್ತೆ ಸಿಕ್ಕಿತು. ನಲವತ್ತು ವರ್ಷ ಒಂದು ದೇಶದ ಕಣ್ಣು ತಪ್ಪಿಸಿ ಬದುಕುವುದೆಂದರೆ ಸಾಮಾನ್ಯ ನಾಚಿಕೆಯೇ?

ಇನ್ನೊಂದು ತಮಾಷೆ. ವಂಶಾವಳಿಯಲ್ಲಿ ಇದು ಹಾಡುಹಕ್ಕಿಗಳ ಗುಂಪಿಗೇ ಸೇರಿದ್ದು. ಆದರೆ ಹಾಡು ಬರದು! ಬಹುಪಾಲು ಮೌನ, ಬಾಯಿ ಬಿಟ್ಟರೆ ಒಡಕು ದನಿ. ಹಿಂದಿನ ವಿಜ್ಞಾನಿಗಳು ಇದನ್ನು ಕಾಗೆಯ ಮನೆಗೆ, ಗೊರವಂಕದ ಮನೆಗೆ ಸೇರಿಸಿ ನೋಡಿ, ಎಲ್ಲಿಯೂ ಹೊಂದದೆ ಕಡೆಗೆ ಬೇರೆ ಸಂಸಾರವನ್ನೇ ಮಾಡಿಕೊಟ್ಟರು.

ಕಾಡಿನೊಳಗೆ ನಡೆದು, ಕಡೆಯಲ್ಲಿ ಕಡಿದಾದ ಏರು ಹತ್ತಬೇಕು. ನನ್ನ ಮಂಡಿಗಳು ಪಟ್ಟ ಪಾಡು ನನಗೇ ಗೊತ್ತು. ಮೇಲೆ ಮನೆಯಷ್ಟು ಎತ್ತರದ ಬಂಡೆ ಮುಂದಕ್ಕೆ ಚಾಚಿಕೊಂಡಿತ್ತು. ಅದರ ಹೊಟ್ಟೆಗೆ ಮಣ್ಣಿನ ಬಟ್ಟಲುಗಳನ್ನು ಯಾರೋ ಅಂಟಿಸಿದಂತೆ ಗೂಡುಗಳು. ಕೆಸರಿಗೆ ನಾರು ಬೆರೆಸಿ ಮೆತ್ತಿದ್ದು. ಮಳೆಯ ಹನಿಯೂ ತಾಗದ ಜಾಗ. ಒಂದೊಂದರಲ್ಲಿ ಸಾಮಾನ್ಯವಾಗಿ ಎರಡೇ ಮೊಟ್ಟೆ. ಕಾವು ಕೊಡುವುದರಲ್ಲಿ ಗಂಡೂ ಪಾಲುದಾರ. ಅಂಥ ಬಂಡೆಯ ಸುತ್ತಲಿನ ಕಾಡು ಕಡಿದರೆ ಮುಗಿಯಿತು. ಪಶ್ಚಿಮ ಆಫ್ರಿಕದ ಐದೇ ದೇಶಗಳಲ್ಲಿ ಉಳಿದಿರುವ ಇವು, ಎಲ್ಲ ಸೇರಿಸಿದರೂ ಹತ್ತು ಸಾವಿರ ಮುಟ್ಟವಂತೆ. ನೋಡಲು ಬರುವವರು ಕೊಡುವ ಹಣ ಹಳ್ಳಿಗೂ ಸೇರುವುದರಿಂದ ಊರಿನವರಿಗೆ ಈ ಕಾಡಿನ ಮೇಲೆ ಅಕ್ಕರೆ.

‘ಮಾತಾಡಬೇಡಿ’ ಎಂದು ಮಾರ್ಗದರ್ಶಿ ತುಟಿಯ ಮೇಲೆ ಬೆರಳಿಟ್ಟ. ನಾನು, ಮಗಳು ಅಕ್ಕಪಕ್ಕ ಕುಳಿತೆವು. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಒಂದು ನಿಮಿಷವೂ ಸುಮ್ಮನಿರದ ನನಗೆ ಅದು ಶಿಕ್ಷೆಯೇ. ಸಂಜೆ ಐದರ ಸುಮಾರಿಗೆ, ಯಾವಾಗ ಬಂತೋ ಕಾಣೆ, ಬಂಡೆಯ ಮೇಲೆ ಒಂದು ನಿಂತಿತ್ತು. ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದ, ಬಿಳಿಯ ಎದೆ, ಕಪ್ಪು ಬೆನ್ನು. ತಲೆಯ ಮೇಲೆ ಗರಿಯೇ ಇಲ್ಲ. ಅರಿಶಿನ ಮೆತ್ತಿದಂಥ ಬೋಳುತಲೆ, ಕಣ್ಣ ಹಿಂದೆ ಎರಡು ದುಂಡನೆ ಕಪ್ಪು ಬಿಲ್ಲೆ. ಅದು ನಡೆಯಲಿಲ್ಲ, ರಬ್ಬರಿನ ಕಾಲಿದ್ದಂತೆ ಕುಪ್ಪಳಿಸಿತು. ಕತ್ತು ಓರೆ ಮಾಡಿ ನಮ್ಮನ್ನೇ ನೋಡಿತು. ಇನ್ನೊಂದು ಬಂತು. ಎರಡೂ ಒಂದು ಗೂಡಿನ ಅಂಚಿಗೆ ಹಾರಿ ಕುಳಿತವು. ಆ ಗೂಡಿನಲ್ಲಿ ಏನಿತ್ತೋ, ಕೆಳಗಿನಿಂದ ಕಾಣುತ್ತಿರಲಿಲ್ಲ.

ಆಗ ಮಗಳು ನನ್ನ ಕಿವಿಯ ಹತ್ತಿರ ಬಂದು, ಹಕ್ಕಿಗೂ ಕೇಳಿಸದಷ್ಟು ಮೆಲ್ಲಗೆ, ‘ಅಮ್ಮ, ಮೂರು ತಿಂಗಳಾಗಿತ್ತು. ನಿಲ್ಲಲಿಲ್ಲ’ ಎಂದಳು.

ನಾನು ಏನೂ ಹೇಳಲಿಲ್ಲ. ಹೇಳುವಂತೆಯೂ ಇರಲಿಲ್ಲ. ಅವಳ ಕೈಯನ್ನು ನನ್ನ ಸೆರಗಿನೊಳಗೆ ಹಿಡಿದು ಕುಳಿತೆ. ಕತ್ತಲಾಗುವವರೆಗೆ ಇಬ್ಬರೂ ಹಾಗೇ ಇದ್ದೆವು. ಇಳಿಯುವಾಗ ಅವಳೇ ಮುಂದೆ ಟಾರ್ಚ್ ಹಿಡಿದು ‘ಇಲ್ಲಿ ಬೇರಿದೆ, ಇಲ್ಲಿ ಜಾರುತ್ತೆ’ ಎನ್ನುತ್ತ ನನ್ನನ್ನು ಕಾರಿನವರೆಗೂ ಕರೆತಂದಳು. ಬುತ್ತಿಯ ಮೊಸರನ್ನವನ್ನು ಅಂದು ಪೂರ್ತಿ ತಿಂದಳು.