ನಡುಮನೆ ದಾಟದ ವೈಫೈ

"ಕಾಕಾ, ರೌಟರ್ ಹತ್ರ ಕುಂತ್ರ ಚಲೋ ಬರ್ತೈತಿ. ಇಲ್ಲಿಗೆ ಬಂದ್ರ ಹೋಗಿಬಿಡ್ತೈತಿ. ಉಬುಂಟು ತಗದು ಒಗೀಲೇನು?"

"ತಡಿಯವ್ವಾ, ಗಡಿಬಿಡಿ ಮಾಡಬ್ಯಾಡ."

ಧಾರವಾಡ, ರಾತ್ರಿ ಹತ್ತು ದಾಟಿದೆ. ರೌಟರ್ ಪಡಸಾಲೆಯಲ್ಲಿ, ನಾವು ಒಳಕೋಣೆಯ ಮಂಚದ ಮೇಲೆ. ನಡುವೆ ಇರುವುದು ಎರಡೇ ಗೋಡೆ. ಅಣ್ಣನ ಮಗಳು ನಾಳೆ ಕಾಲೇಜಿಗೆ ಪ್ರಾಜೆಕ್ಟ್ ಕೊಡಬೇಕು. ಲ್ಯಾಪ್‌ಟಾಪ್ ಹಳೆಯದು, ಯಾವ ಕಂಪನಿಯದು ಎಂಬುದು ಬೇಡ. ನೀವೂ ಇತ್ತ ಸರಿದು ಕೂತು ಪರದೆ ನೋಡಿ.

ಮೊದಲು ನನ್ನ ಫೋನನ್ನು ಲ್ಯಾಪ್‌ಟಾಪಿನ ಪಕ್ಕಕ್ಕೆ ಇಡುತ್ತೇನೆ. ಫೋನಿನಲ್ಲಿ ಓಣಿಯ ಅರ್ಧ ಮನೆಗಳ ವೈಫೈ ಹೆಸರುಗಳಿವೆ. ಲ್ಯಾಪ್‌ಟಾಪಿನಲ್ಲಿ ಒಂದೇ ಒಂದು, ಈ ಮನೆಯದು, ಅದೂ ಬಂದು ಹೋಗುತ್ತಿದೆ. ಅರ್ಧ ಗುಟ್ಟು ಇಲ್ಲೇ ರಟ್ಟಾಯಿತು. ಡ್ರೈವರೇ ಇಲ್ಲದಿದ್ದರೆ ಈ ಒಂದು ಹೆಸರೂ ಕಾಣುತ್ತಿರಲಿಲ್ಲ. ಪಾಸ್‌ವರ್ಡ್ ತಪ್ಪಿದ್ದರೆ ಎಲ್ಲ ಹೆಸರೂ ಕಾಣಬೇಕಿತ್ತು. ಕಾರ್ಡ್ ಜೀವಂತವಿದೆ, ಆದರೆ ಕಿವಿ ಮಂದ.

ಟರ್ಮಿನಲ್ ತೆರೆದು ಎಲ್‌ಎಸ್‌ಪಿಸಿಐ ಕಮಾಂಡ್ ಕೊಡುತ್ತೇನೆ. ಕಾರ್ಡ್ ರಿಯಲ್‌ಟೆಕ್ ಆರ್‌ಟಿಎಲ್ 8723ಬಿಇ. ಡ್ರೈವರಿನದೂ ಅದೇ ಹೆಸರು, ಸಣ್ಣಕ್ಷರದಲ್ಲಿ. ಆರ್‌ಎಫ್‌ಕಿಲ್ ಕೇಳಿದರೆ ತಡೆ ಏನೂ ಇಲ್ಲ ಎನ್ನುತ್ತದೆ. ಪವರ್ ಸೇವಿಂಗ್ ಆಫ್ ಮಾಡಿದ್ದಾಯಿತು, ಫಲವಿಲ್ಲ. ಸಿಗ್ನಲ್ ಮೈನಸ್ 86 ಡಿಬಿಎಂ. ಈ ಲೆಕ್ಕದಲ್ಲಿ ಮೈನಸ್ 50ರ ಆಸುಪಾಸು ಸುಖ, 80 ದಾಟಿದರೆ ಪಡಿಪಾಟಲು. ಪ್ರತಿ ಹತ್ತು ಅಂಕಿ ಇಳಿದಾಗಲೂ ಶಕ್ತಿ ಹತ್ತರಲ್ಲೊಂದು ಪಾಲಾಗುತ್ತದೆ.

ಈಗ ಮಾಡ್‌ಇನ್ಫೋ. ಹೆಚ್ಚಿನವರು ಇಲ್ಲಿಗೆ ಬರುವುದೇ ಇಲ್ಲ, ಸಿಕ್ಕ ಸಿಕ್ಕ ಡ್ರೈವರ್ ಇಳಿಸಿಕೊಂಡು ಇದ್ದದ್ದನ್ನೂ ಕೆಡಿಸಿಕೊಳ್ಳುತ್ತಾರೆ. ಈ ಡ್ರೈವರಿಗೆ ಏನೇನು ಸೆಟ್ಟಿಂಗ್ ಇವೆ ಎಂಬುದು ಅದರ ಕೊನೆಯ ಸಾಲುಗಳಲ್ಲಿದೆ. ಬೆರಳು 'ಆ್ಯಂಟ್_ಸೆಲ್' ಎಂಬಲ್ಲಿ ನಿಲ್ಲುತ್ತದೆ: 1 ಅಥವಾ 2 ಕೊಟ್ಟು ಆ್ಯಂಟೆನಾ ಆರಿಸಿ, ಏನೂ ಕೊಡದಿದ್ದರೆ 0.

"ಎರಡು ಆ್ಯಂಟೆನಾ ಅದಾವೇನು ಕಾಕಾ?"

ಕಾರ್ಡಿನಲ್ಲಿ ತಂತಿ ಸಿಕ್ಕಿಸಲು ಎರಡು ಜಾಗ ಇವೆ. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಆ್ಯಂಟೆನಾ ಮಾತ್ರ ಒಂದೇ. ಅದೇನೂ ತಪ್ಪಲ್ಲ. ಯಾವ ಜಾಗಕ್ಕೆ ತಂತಿ ಸಿಕ್ಕಿಸಿದೆ ಎಂದು ಕಾರ್ಡಿನ ಮೆಮೊರಿಯಲ್ಲಿ ಕಾರ್ಖಾನೆಯಲ್ಲೇ ಬರೆದಿರುತ್ತಾರೆ. ಕೆಲವದರಲ್ಲಿ ಅದನ್ನೇ ಅದಲುಬದಲು ಬರೆದಿದ್ದಾರೆ. ಡ್ರೈವರ್ ಪಾಪ, ಬರೆದದ್ದನ್ನು ನಂಬಿ, ತಂತಿಯೇ ಇಲ್ಲದ ಕಡೆ ಕಿವಿಗೊಟ್ಟು ಕೂತಿರುತ್ತದೆ. ಸ್ಕ್ರೂ ಬಿಚ್ಚಿ ತಂತಿ ಬದಲಿಸಬಹುದು, ಆದರೆ ವಾರಂಟಿ ಹೋದೀತು. ಹಾಗೆ ಬಿಚ್ಚಲಾಗದವರಿಗೆಂದೇ 2016ರಲ್ಲಿ ಲ್ಯಾರಿ ಫಿಂಗರ್ ಈ ಆಯ್ಕೆಯನ್ನು ಡ್ರೈವರಿಗೆ ಸೇರಿಸಿದರು. ಅಮೆರಿಕದ ಈ ಮನುಷ್ಯ ವೃತ್ತಿಯಿಂದ ಸ್ಫಟಿಕ ವಿಜ್ಞಾನಿ. ಫಿಂಗರೈಟ್ ಎಂಬ ಖನಿಜಕ್ಕೆ ಅವರದೇ ಹೆಸರು. ಲಿನಕ್ಸಿನ ವೈಫೈ ಡ್ರೈವರುಗಳನ್ನು ನಿವೃತ್ತಿಯ ನಂತರ ವರ್ಷಗಟ್ಟಲೆ ತಿದ್ದಿದರು. 2024ರ ಜೂನ್‌ನಲ್ಲಿ ತೀರಿಕೊಂಡರು.

ಮಾಡ್‌ಪ್ರೋಬ್ ಕಮಾಂಡಿನಿಂದ ಡ್ರೈವರನ್ನು ಕೆಳಗಿಳಿಸುತ್ತೇನೆ. ವೈಫೈ ಗುರುತು ಮಾಯ. ಹುಡುಗಿ ಉಸಿರು ಬಿಗಿಹಿಡಿದಳು. 1 ಕೊಟ್ಟು ಮತ್ತೆ ಏರಿಸುತ್ತೇನೆ: ಅದೇ ಒಂಟಿ ಹೆಸರು, ಅದೇ 86. ಇಳಿಸಿ 2 ಕೊಡುತ್ತೇನೆ. ಒಂದು ಕ್ಷಣ ಪಟ್ಟಿ ಖಾಲಿ. ಆಮೇಲೆ ಬಂದವು ನೋಡಿ, ಎದುರು ಮನೆಯದು, ಮೇಲಿನ ಬಾಡಿಗೆಯವರದು, ಮೂಲೆಯ ಕಿರಾಣಿ ಅಂಗಡಿಯದು.

"ಅಯ್ಯ! ಅಂಗಡಿದೂ ಬಂತಲ್ಲೋ ಕಾಕಾ!"

ನಮ್ಮ ಸಿಗ್ನಲ್ ಈಗ ಮೈನಸ್ 52. ಅಂದರೆ ಹಿಂದಿನದಕ್ಕಿಂತ ಎರಡೂವರೆ ಸಾವಿರ ಪಟ್ಟು ಶಕ್ತಿ. ಅವಳು ಆಗಲೇ ಲ್ಯಾಪ್‌ಟಾಪ್ ಕಸಿದುಕೊಳ್ಳಲು ಕೈ ಚಾಚಿದ್ದಾಳೆ. ತಡೆದು ಇನ್ನೊಂದು ಕೆಲಸ ಮುಗಿಸುತ್ತೇನೆ, ಏಕೆಂದರೆ ರೀಸ್ಟಾರ್ಟ್ ಮಾಡಿದರೆ ಇದೆಲ್ಲ ಅಳಿಸಿಹೋಗುತ್ತದೆ. ಇಟಿಸಿ ಫೋಲ್ಡರಿನೊಳಗಿನ ಮಾಡ್‌ಪ್ರೋಬ್.ಡಿ ಎಂಬಲ್ಲಿ ಒಂದು ಕಡತ ಮಾಡಿ, 'ಆಪ್ಷನ್ಸ್' ಪದ, ಡ್ರೈವರಿನ ಹೆಸರು, ಆ್ಯಂಟ್_ಸೆಲ್=2, ಇಷ್ಟನ್ನು ಒಂದೇ ಸಾಲಿನಲ್ಲಿ ಬರೆದಿಟ್ಟೆ.

ಇದೇ ಸಾಲನ್ನು ಕಣ್ಣುಮುಚ್ಚಿ ನಿಮ್ಮ ಲ್ಯಾಪ್‌ಟಾಪಿನಲ್ಲಿ ಬರೆಯಬೇಡಿ. ಕಾರ್ಡ್ ಬೇರೆಯಾದರೆ ಸೆಟ್ಟಿಂಗೂ ಬೇರೆ. ಮೊದಲು ಎಲ್‌ಎಸ್‌ಪಿಸಿಐ, ಆಮೇಲೆ ಮಾಡ್‌ಇನ್ಫೋ. ಇವೆರಡನ್ನೂ ಓದದೆ ಉಬುಂಟು ತೆಗೆಯಲು ಹೋಗಬೇಡಿ.