ಬೆಳಕು ಕಾಣದ ಪಿಕ್ಸೆಲ್‌ಗಳು: ಕೆಲವು ಟಿಪ್ಪಣಿಗಳು

1
ಹಬಲ್, ವೆಬ್ ಎರಡೂ ದೂರದರ್ಶಕಗಳ ದತ್ತಾಂಶ ಬಾಲ್ಟಿಮೋರ್‌ನ ಸ್ಪೇಸ್ ಟೆಲಿಸ್ಕೋಪ್ ಸೈನ್ಸ್ ಇನ್‌ಸ್ಟಿಟ್ಯೂಟಿಗೆ ಬರುತ್ತದೆ. ಅಲ್ಲೊಂದು ಹೆಲ್ಪ್‌ಡೆಸ್ಕ್ ಇದೆ. ನನ್ನ ರೋಹಿತದಲ್ಲಿ ಈ ತಗ್ಗು ಯಾಕೆ, ಈ ಉಬ್ಬು ಯಾಕೆ ಎಂದು ಖಗೋಳಜ್ಞರು ಬರೆದು ಕೇಳುತ್ತಾರೆ. ನಕ್ಷತ್ರದ್ದೋ, ಉಪಕರಣದ್ದೋ? ಸುತ್ತಿ ಬಳಸಿ ಪ್ರಶ್ನೆ ಬಂದು ನಿಲ್ಲುವುದು ಇಲ್ಲಿಗೆ.

2
ಕೇಳುವವರು ಮೊದಲು ಬರೆಯಬೇಕಾದ್ದು ನಕ್ಷತ್ರದ ಹೆಸರಲ್ಲ. ಪ್ರೋಗ್ರಾಂ ಸಂಖ್ಯೆ, ಫೈಲಿನ ಹೆಸರು, ದತ್ತಾಂಶವನ್ನು ಸಂಸ್ಕರಿಸುವ ಪೈಪ್‌ಲೈನಿನ ಆವೃತ್ತಿ.

3
ಹಬಲ್‌ನ ಫೈಲು ‘ಎಲ್’ ಅಕ್ಷರದಿಂದ ಶುರುವಾದರೆ ಅದು ಕಾಸ್ ಉಪಕರಣದ್ದು. ‘ಓ’ ಇದ್ದರೆ ಸ್ಟಿಸ್‌ನದು. ವೆಬ್‌ನ ಫೈಲುಗಳೆಲ್ಲ ‘ಜೆಡಬ್ಲ್ಯೂ’. ಕೊನೆಯಲ್ಲಿ ‘ಅನ್‌ಕ್ಯಾಲ್’ ಎಂದಿದ್ದರೆ ಕಚ್ಚಾ ದತ್ತಾಂಶ. ‘ಎಕ್ಸ್1ಡಿ’ ಎಂದಿದ್ದರೆ ಸಿದ್ಧವಾದ ರೋಹಿತ. ನಡುವೆ ಪೈಪ್‌ಲೈನಿನ ಮೂರು ಘಟ್ಟ. ಒಂದೊಂದು ಘಟ್ಟದಲ್ಲೂ ಹಲವು ತಿದ್ದುಪಡಿ.

4
ವೆಬ್‌ನ ಡಿಟೆಕ್ಟರನ್ನು ಒಂದೇ ಎಕ್ಸ್‌ಪೋಷರ್‌ನಲ್ಲಿ ಹಲವು ಸಲ ಓದುತ್ತಾರೆ. ಓದಿದರೂ ಚಾರ್ಜ್ ಖಾಲಿಯಾಗುವುದಿಲ್ಲ, ಏರುತ್ತಲೇ ಇರುತ್ತದೆ. ಎಷ್ಟು ಕಡಿದಾಗಿ ಏರಿತು ಎಂಬುದರಿಂದ ಬೆಳಕಿನ ಲೆಕ್ಕ. ನಡುವೆ ಏಕಾಏಕಿ ಜಿಗಿದರೆ ಅದು ಕಾಸ್ಮಿಕ್ ಕಿರಣದ ಹೊಡೆತ. ಜಿಗಿತವನ್ನು ಬಿಟ್ಟು ಉಳಿದ ತುಂಡುಗಳನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಕೆಲವು ಹೊಡೆತಗಳ ಗುರುತು ದೊಡ್ಡದು, ದುಂಡಗಿರುತ್ತದೆ. ಅವನ್ನು ಸ್ನೋಬಾಲ್ ಎನ್ನುತ್ತಾರೆ. ಕೈಪಿಡಿಯಲ್ಲೂ ಅದೇ ಹೆಸರು.

5
ವೆಬ್‌ನ ಹತ್ತಿರದ ಅವಕೆಂಪು ಡಿಟೆಕ್ಟರಿನಲ್ಲಿ 2048 × 2048 ಪಿಕ್ಸೆಲ್. ಅಂಚಿನ ನಾಲ್ಕು ನಾಲ್ಕು ಸಾಲುಗಳಿಗೆ ಬೆಳಕು ಕಾಣುವುದಿಲ್ಲ. ಕೆಟ್ಟು ಹೋದವಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಅವನ್ನೂ ಓದುತ್ತಾರೆ. ಬೆಳಕೇ ಇಲ್ಲದೆ ಅವು ತೋರಿಸುವ ಏರಿಳಿತವನ್ನು ಬೆಳಕು ಕಂಡ ಪಿಕ್ಸೆಲ್‌ಗಳಿಂದ ಕಳೆಯುತ್ತಾರೆ.

6
ವೆಬ್‌ನ ಪ್ರತಿ ಪಿಕ್ಸೆಲ್‌ಗೂ ಒಂದು ಗುಣಸೂಚಕ ಅಂಕಿ. 1 ಎಂದರೆ ಬಳಸಬೇಡಿ. 2, ಭರ್ತಿಯಾಗಿದೆ. 4, ಜಿಗಿತ ಇದೆ. 7 ಇದ್ದರೆ ಮೂರೂ.

7
ವೆಬ್‌ನ ನಿರ್‌ಸ್ಪೆಕ್ ಉಪಕರಣದಲ್ಲಿ ಸುಮಾರು 2,50,000 ಕಿಟಕಿಗಳಿವೆ. ಒಂದೊಂದು ಸುಮಾರು 0.1 ಮಿ.ಮೀ. ಅಗಲ, 0.2 ಮಿ.ಮೀ. ಉದ್ದ. ಬೇಕಾದ ಗೆಲಾಕ್ಸಿಗಳ ಕಿಟಕಿ ತೆರೆದು ಉಳಿದವನ್ನು ಮುಚ್ಚುತ್ತಾರೆ. ಕೆಲವು ಮುಚ್ಚಿಕೊಳ್ಳುವುದಿಲ್ಲ. ಅಲ್ಲಿಂದ ನುಗ್ಗಿದ ಬೆಳಕು ಬೇರೊಂದು ಗೆಲಾಕ್ಸಿಯ ರೋಹಿತದ ಮೇಲೆ ಬೀಳಬಹುದು. ಕೆಟ್ಟ ಕಿಟಕಿಗಳ ಪಟ್ಟಿ ಇಟ್ಟಿದ್ದಾರೆ. ಪಟ್ಟಿ ಬದಲಾಗುತ್ತಿರುತ್ತದೆ.

8
ನೋಡುತ್ತಿರುವ ವಸ್ತು ಬಿಂದುವೋ, ಹರಡಿಕೊಂಡದ್ದೋ? ಪ್ರಸ್ತಾವ ಬರೆಯುವಾಗಲೇ ಖಗೋಳಜ್ಞರು ಇದನ್ನು ತಿಳಿಸಬಹುದು. ಉತ್ತರ ಬದಲಾದರೆ ತಿದ್ದುಪಡಿ ಬೇರೆಯಾಗಿ ಫ್ಲಕ್ಸ್ (ಬೆಳಕಿನ ಪ್ರಮಾಣ) ಬದಲಾಗುತ್ತದೆ. ಆಕಾಶದಲ್ಲಿ ಏನೂ ಬದಲಾಗಿರುವುದಿಲ್ಲ.

9
ಹಬಲ್‌ನ ಕಾಸ್ ಉಪಕರಣವನ್ನು 2009ರ ಮೇ ತಿಂಗಳಲ್ಲಿ ಗಗನಯಾತ್ರಿಗಳು ಜೋಡಿಸಿದರು. ಅದರ ದೂರ ಅತಿನೇರಳೆ ಡಿಟೆಕ್ಟರ್ ತನ್ನ ಮೇಲೆ ಬಿದ್ದ ಬೆಳಕಿನಿಂದಲೇ ಸವೆಯುತ್ತದೆ. ಬೇಗ ಸವೆಯುವುದು 1216 ಆಂಗ್‌ಸ್ಟ್ರಮ್ ತರಂಗಾಂತರ ಬೀಳುವ ಜಾಗ. ಸವೆಸುವುದು ದೂರದ ಕ್ವೇಸಾರ್ ಅಲ್ಲ. ಭೂಮಿಯನ್ನು ಸುತ್ತುವರಿದ ಜಲಜನಕದ ಹೊಳಪು. ಸವೆದಾಗ ರೋಹಿತವನ್ನು ಡಿಟೆಕ್ಟರಿನ ಹೊಸ ಜಾಗಕ್ಕೆ ಸರಿಸುತ್ತಾರೆ. 2012, 2015, 2017, 2021, 2022ರಲ್ಲಿ ಸರಿಸಿದ್ದಾಗಿದೆ. ಜಾಗ ಬದಲಾದಾಗಲೆಲ್ಲ ಉಪಕರಣದ ಅಳತೆ ತಿದ್ದುವ ಕ್ಯಾಲಿಬ್ರೇಷನ್ ಫೈಲುಗಳೂ ಹೊಸವು.

10
ಕಾಸ್ ಒಂದೊಂದು ಫೋಟಾನೂ ಬಿದ್ದ ಜಾಗ ಮತ್ತು ಸಮಯವನ್ನು ಬರೆದಿಡುತ್ತದೆ. ಹಬಲ್ ಸುಮಾರು 95 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ. ಆ ಸುತ್ತಿನಲ್ಲೇ ಒಂದು ಹಗಲು, ಒಂದು ರಾತ್ರಿ. ಹಗಲಿನಲ್ಲಿ ನಮ್ಮ ವಾತಾವರಣದ ಆಮ್ಲಜನಕವೂ ಹೊಳೆಯುತ್ತದೆ. ಆಮ್ಲಜನಕದ 1302 ಆಂಗ್‌ಸ್ಟ್ರಮ್‌ನ ಗೆರೆ ಬೇಕಾದವರಿಗೆ ಇರುವ ಸಲಹೆ: ಹಗಲಿನ ಫೋಟಾನ್‌ಗಳನ್ನು ಬಿಡಿ, ರಾತ್ರಿಯವನ್ನಷ್ಟೇ ಇಟ್ಟುಕೊಳ್ಳಿ. ದೂರದರ್ಶಕವನ್ನು ವಾತಾವರಣದ ಮೇಲಕ್ಕೆ ಕಳಿಸಿಯೂ ರಾತ್ರಿಗೆ ಕಾಯುವುದು ತಪ್ಪಿಲ್ಲ.

11
ಹಬಲ್‌ನ ಸ್ಟಿಸ್ ಉಪಕರಣದ ಸಿಸಿಡಿ ಡಿಟೆಕ್ಟರನ್ನು ತಣ್ಣಗೆ ಇಟ್ಟಿರುತ್ತಾರೆ. ತಿಂಗಳಿಗೊಮ್ಮೆ ಬೆಚ್ಚಗೆ ಮಾಡುತ್ತಾರೆ. ಆಗ ಹಾಳಾದ ಪಿಕ್ಸೆಲ್‌ಗಳಲ್ಲಿ ಹಲವು ಸರಿಹೋಗುತ್ತವೆ.

12
ವೆಬ್‌ನ ಮಿರಿ ಉಪಕರಣದ ರೋಹಿತದಲ್ಲಿ ಅಲೆಗಳಿರುತ್ತವೆ. ಬೆಳಕು ಡಿಟೆಕ್ಟರಿನ ಪದರಗಳ ನಡುವೆ ಪುಟಿದು ಎಬ್ಬಿಸಿದ ಅಲೆಗಳು. ಅವನ್ನು ತೆಗೆಯಲು ಒಂದು ಹಂತ ಇದೆ. ತೆಗೆದ ಮೇಲೆ ಉಳಿದದ್ದನ್ನು ತೆಗೆಯಲು ಇನ್ನೊಂದು ಹಂತ. ಅಲ್ಲಿ ಒಂದು ಎಚ್ಚರಿಕೆ: ಅಣುಗಳ ನಿಜವಾದ ಗೆರೆಗಳೂ ಜೊತೆಗೆ ಹೋಗಬಹುದು.

13
ಫ್ಲಕ್ಸ್ ಲೆಕ್ಕಕ್ಕೆ ಆಧಾರ ಮೂರು ಶ್ವೇತಕುಬ್ಜಗಳು: ಜಿ191-ಬಿ2ಬಿ, ಜಿಡಿ 153, ಜಿಡಿ 71. ಇವುಗಳ ರೋಹಿತ ಹೇಗಿರಬೇಕು ಎಂಬುದು ಕಂಪ್ಯೂಟರ್ ಹಾಕಿದ ಲೆಕ್ಕ. ಉಪಕರಣ ಬೇರೆ ಏನಾದರೂ ತೋರಿಸಿದರೆ ತಿದ್ದುವುದು ಉಪಕರಣವನ್ನು. ಇದನ್ನು ಎರಡು ಸಲ ಓದಿಕೊಂಡೆ.

ಆ ಲೆಕ್ಕದ ಒಟ್ಟು ಮಟ್ಟವನ್ನು ಅಭಿಜಿತ್ ನಕ್ಷತ್ರದ ಅಳತೆಗೆ ಹೊಂದಿಸಿದ್ದಾರೆ. ಅಭಿಜಿತ್‌ನ ಬೆಳಕನ್ನು 1970ರ ಸುಮಾರಿಗೆ ನೆಲದ ಮೇಲೆ ಅಳೆದದ್ದು, ತಾಪ ಗೊತ್ತಿದ್ದ ಕುಲುಮೆಯ ಬೆಳಕಿಗೆ ಹೋಲಿಸಿ.

14
ತರಂಗಾಂತರದ ಅಳತೆಗೆ ಅಷ್ಟು ದೂರ ಹೋಗಬೇಕಿಲ್ಲ. ಕಾಸ್‌ನೊಳಗೇ ಪ್ಲಾಟಿನಂ-ನಿಯಾನ್ ದೀಪ ಇದೆ. ವೀಕ್ಷಣೆಯ ನಡುವೆ ಹೊತ್ತಿ ಆರುತ್ತದೆ.

15
ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ತನ್ನ ಹೊಸಕೋಟೆ ಕ್ಯಾಂಪಸ್ಸಿನಲ್ಲಿ ಜೋಡಿಸಿದ ಯುವಿಐಟಿ ದೂರದರ್ಶಕ 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದ ಜೊತೆ ಹಾರಿತು. ಉಪಗ್ರಹ ಸ್ವಲ್ಪ ಸ್ವಲ್ಪ ಅಲುಗುತ್ತದೆ. ಗೋಚರ ಬೆಳಕಿನ ಚಿತ್ರಗಳಲ್ಲಿ ನಕ್ಷತ್ರ ಎಷ್ಟು ಸರಿಯಿತು ಎಂದು ನೋಡಿ, ಅತಿನೇರಳೆ ಫೋಟಾನ್‌ಗಳನ್ನು ಅಷ್ಟೇ ಹಿಂದಕ್ಕೆ ಸರಿಸುತ್ತಾರೆ. ಇಲ್ಲಿಯೂ ಅಳತೆಗೆ ಹಿಡಿದದ್ದು ಒಂದು ಶ್ವೇತಕುಬ್ಜ, ಎಚ್‌ಜೆಡ್ 4.

16
2022. ವಾಸ್ಪ್-39ಬಿ ಗ್ರಹದ ವಾತಾವರಣ. ವೆಬ್ ಕಳಿಸಿದ ಒಂದೇ ದತ್ತಾಂಶವನ್ನು ಸಂಶೋಧನಾ ತಂಡದವರು ಬೇರೆ ಬೇರೆಯಾಗಿ ನಾಲ್ಕು ಬಗೆಯಲ್ಲಿ ಸಂಸ್ಕರಿಸಿದರು. ನಾಲ್ಕರಲ್ಲೂ 4.3 ಮೈಕ್ರಾನ್ ಹತ್ತಿರ ಇಂಗಾಲದ ಡೈಆಕ್ಸೈಡಿನ ಉಬ್ಬು ಕಂಡಿತು. ಉಳಿದ ವಿವರಗಳು ಚೂರುಚೂರು ಹೆಚ್ಚುಕಡಿಮೆ.

17
ಕ್ಯಾಲಿಬ್ರೇಷನ್ ಫೈಲುಗಳ ಕಟ್ಟಿಗೆ ಕಾಂಟೆಕ್ಸ್ಟ್ ಎಂದು ಹೆಸರು, ಅದಕ್ಕೊಂದು ಕ್ರಮಸಂಖ್ಯೆ. ಹೊಸ ಸಂಖ್ಯೆ ಬಂದರೆ ಹಳೆಯ ವೀಕ್ಷಣೆಗಳನ್ನೂ ಮತ್ತೆ ಸಂಸ್ಕರಿಸುತ್ತಾರೆ. 2022ರಲ್ಲಿ ಬಂದ ಫೋಟಾನ್‌ಗಳ ಫ್ಲಕ್ಸ್ ಇವತ್ತು ಬೇರೆ ಇರಬಹುದು.

18
ವೀಕ್ಷಣೆ ಕೇಳಿದವರಿಗೆ ಸಾಮಾನ್ಯವಾಗಿ ಸ್ವಲ್ಪ ಕಾಲ ದತ್ತಾಂಶದ ಮೇಲೆ ವಿಶೇಷ ಹಕ್ಕು. ಆಮೇಲೆ ಯಾರು ಬೇಕಾದರೂ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಕಚ್ಚಾ ಫೈಲೂ ಸಿಗುತ್ತದೆ. ಹಿಂದೆಂದೋ ಇಳಿಸಿಕೊಂಡ ರೋಹಿತ ಕೈಯಲ್ಲಿದ್ದರೆ, ಅದರ ಮೇಲೆ ಏನನ್ನಾದರೂ ಬರೆಯುವ ಮುನ್ನ ಇನ್ನೊಮ್ಮೆ ಇಳಿಸಿಕೊಳ್ಳಿ.